ಕಾರಿನ ಬ್ರೇಕ್ ಎಚ್ಚರಿಕೆ ದೀಪಗಳು ಮತ್ತು ಮುಂದಿನ ಚಕ್ರದ ದೋಷಪತ್ತೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹತ್ತಿಕೊಳ್ಳುವ ಬ್ರೇಕ್ ದೀಪಗಳಿಂದ ಹಾಗೂ ಮುಂದಿನ ಚಕ್ರಗಳ ಸದ್ದು, ನಡುಕ, ಎಳೆತ, ಬಿಸಿ ಮತ್ತು ಸವೆತದಿಂದ ದೋಷದ ಮೂಲವನ್ನು ಕಂಡುಹಿಡಿಯುವ ವಿಧಾನ. ವಾಹನ ದುರಸ್ತಿಯಲ್ಲಿ ಇವೆರಡನ್ನೂ ಬೇರೆ ಬೇರೆ ವಿಷಯಗಳಾಗಿ ಕಲಿಸುವುದು ರೂಢಿ. ದೀಪದ ದೂರು ಎಲೆಕ್ಟ್ರಿಷಿಯನ್ನನಿಗೆ, ಚಕ್ರದ ದೂರು ಮೆಕ್ಯಾನಿಕ್ಕನಿಗೆ ಹೋಗುತ್ತದೆ. ಆದರೆ ಇಂದಿನ ಕಾರಿನಲ್ಲಿ ಇವುಗಳನ್ನು ಬೇರ್ಪಡಿಸುವುದು ಕಷ್ಟ. ಬ್ರೇಕ್ ಪ್ಯಾಡ್ ಸವೆದದ್ದು ಕೆಂಪು ದೀಪವಾಗಿ ಕಾಣಿಸಿಕೊಳ್ಳಬಹುದು. ಬೇರಿಂಗ್ ಸಡಿಲವಾದದ್ದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪವಾಗಿಯೋ, ಮೊದಲ ಸಲ ಒತ್ತಿದಾಗ ಆಳಕ್ಕೆ ಇಳಿಯುವ ಪೆಡಲ್ ಆಗಿಯೋ ತೋರಬಹುದು. ದೀಪವು ಯಾವುದೋ ಒಂದು ಮಿತಿ ಮೀರಿದೆ ಎಂದಷ್ಟೇ ಹೇಳುತ್ತದೆ. ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಆ ಭಾಗ ಯಾವುದೆಂದು ತಿಳಿಯಲು ಬಹುತೇಕ ಸಲ ಚಕ್ರವನ್ನೇ ನೋಡಬೇಕಾಗುತ್ತದೆ.

ಭಾರತದಲ್ಲಿ ಹೆಚ್ಚಾಗಿ ಓಡುವ ಸಣ್ಣ ಕಾರನ್ನು, ಅಂದರೆ ಮುಂದಿನ ಚಕ್ರಗಳಿಗೇ ಎಂಜಿನ್ ಬಲ ಹರಿಯುವ, ಮುಂದೆ ಡಿಸ್ಕ್ ಹಾಗೂ ಹಿಂದೆ ಡ್ರಮ್ ಬ್ರೇಕ್ ಇರುವ ಹ್ಯಾಚ್‌ಬ್ಯಾಕನ್ನು, ಈ ಲೇಖನದಲ್ಲಿ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ಹಿನ್ನೆಲೆ

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ ಅರ್ಧ ಶತಮಾನದವರೆಗೆ ಡ್ರಮ್ಮಿನದೇ ಕಾಲವಾಗಿತ್ತು. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂತು. 1953ರಲ್ಲಿ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಡ್ರಮ್ಮಿನೊಳಗೆ ಸಿಕ್ಕಿಬೀಳುವ ಬಿಸಿ ಡಿಸ್ಕಿನಿಂದ ಸುಲಭವಾಗಿ ಗಾಳಿಗೆ ಬಿಟ್ಟುಹೋಗುತ್ತದೆ ಎಂಬುದು ಅಲ್ಲಿ ಎದ್ದು ಕಂಡಿತು. 1955ರ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಪಡೆಯಿತು.

ಎಚ್ಚರಿಕೆ ದೀಪದ ಕಥೆ ಕಾನೂನಿನೊಂದಿಗೆ ಬೆಳೆಯಿತು. ಒಂದೇ ಪೈಪಿನ ಜಾಲವಿದ್ದ ಹಳೆಯ ಕಾರುಗಳಲ್ಲಿ ಎಲ್ಲೋ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್‌ಗಳು ಹೋಗುತ್ತಿದ್ದವು. 1968ರಿಂದ ಅಮೆರಿಕವು ಕಾರುಗಳ ಬ್ರೇಕ್ ಜಾಲವನ್ನು ಎರಡು ಸ್ವತಂತ್ರ ಭಾಗಗಳಾಗಿ ಒಡೆಯಬೇಕೆಂದೂ, ಒಂದು ಭಾಗ ಸೋತರೆ ಚಾಲಕನಿಗೆ ದೀಪದ ಮೂಲಕ ತಿಳಿಸಬೇಕೆಂದೂ ನಿಯಮ ಮಾಡಿತು. ಎರಡು ಜಾಲಗಳಿದ್ದಾಗ ಒಂದು ಹೋದರೂ ಕಾರು ಹೇಗೋ ನಿಲ್ಲುತ್ತದೆ. ಚಾಲಕನಿಗೆ ಕೊರತೆ ತಟ್ಟನೆ ಗೊತ್ತಾಗದ ಕಾರಣ ದೀಪ ಅನಿವಾರ್ಯವಾಯಿತು. 1978ರಲ್ಲಿ ಬಾಷ್ ಸಂಸ್ಥೆಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್-ಬೆನ್ಜ್ ಎಸ್-ಕ್ಲಾಸ್ ಕಾರಿನಲ್ಲಿ ಬಂದ ಮೇಲೆ ಎರಡನೆಯ ದೀಪ ಸೇರಿತು. ಭಾರತದಲ್ಲಿ 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೂ, 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಹೀಗಾಗಿ ದುಬಾರಿ ಕಾರುಗಳಿಗೆ ಸೀಮಿತವಾಗಿದ್ದ ಚಕ್ರದ ವೇಗ ಸೆನ್ಸರ್ ಈಗ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ನಿತ್ಯದ ಕೆಲಸವಾಗಿದೆ.

ಮುಂದಿನ ಚಕ್ರದ ರಚನೆ

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸದಲ್ಲಿ ಸುಮಾರು ಶೇ. 70 ಪಾಲು ಮುಂದಿನ ಬ್ರೇಕ್‌ಗಳ ಮೇಲೆ ಬೀಳುತ್ತದೆ. ಅದೇ ಚಕ್ರಗಳು ಎಂಜಿನ್ ಬಲವನ್ನು ರಸ್ತೆಗೆ ಕೊಡಬೇಕು, ದಿಕ್ಕನ್ನೂ ತಿರುಗಿಸಬೇಕು, ಹಳ್ಳದ ಪೆಟ್ಟನ್ನೂ ತಡೆಯಬೇಕು.

ಈ ಎಲ್ಲ ಕೆಲಸಗಳು ನಕಲ್ ಎಂಬ ಒಂದೇ ಎರಕದ ತುಂಡಿನ ಮೇಲೆ ಬಂದು ಸೇರುತ್ತವೆ. ಅದರ ನಡುವೆ ಬೇರಿಂಗ್, ಬೇರಿಂಗಿನೊಳಗೆ ಹಬ್, ಹಬ್ಬಿನ ಮುಖಕ್ಕೆ ಡಿಸ್ಕ್, ಡಿಸ್ಕಿನ ಮೇಲೆ ಚಕ್ರ ಕೂರುತ್ತವೆ. ನಕಲ್ಲಿನ ಪಕ್ಕಕ್ಕೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್, ಮೇಲೆ ಶಾಕ್ ಅಬ್ಸಾರ್ಬರ್ ಇರುವ ಸ್ಟ್ರಟ್, ಕೆಳಗೆ ಬಾಲ್ ಜಾಯಿಂಟ್ ಮೂಲಕ ಲೋವರ್ ಆರ್ಮ್, ಪಕ್ಕದಿಂದ ಸ್ಟೀರಿಂಗಿನ ಟೈ ರಾಡ್ ಎಂಡ್, ಒಳಗಿನಿಂದ ಡ್ರೈವ್ ಶಾಫ್ಟ್ ಬಂದು ಕೂಡುತ್ತವೆ. ಚಕ್ರದ ವೇಗ ಅಳೆಯುವ ಸೆನ್ಸರ್ ಕೂಡ ಇಲ್ಲೇ ಬೋಲ್ಟ್ ಆಗಿರುತ್ತದೆ. ಇವುಗಳಲ್ಲಿ ಒಂದು ಸಡಿಲವಾದರೆ ಅದರ ಪರಿಣಾಮ ಪಕ್ಕದ ಭಾಗದ ದೋಷದಂತೆ ತೋರುತ್ತದೆ.

ಬ್ರೇಕ್ ಪೈಪುಗಳ ಹಂಚಿಕೆಯೂ ಗಮನಾರ್ಹ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಜಾಲ ಮುಂದಿನ ಎಡ ಚಕ್ರವನ್ನು ಹಿಂದಿನ ಬಲ ಚಕ್ರದೊಂದಿಗೆ, ಇನ್ನೊಂದು ಮುಂದಿನ ಬಲವನ್ನು ಹಿಂದಿನ ಎಡದೊಂದಿಗೆ ಜೋಡಿಸುತ್ತದೆ. ಒಂದು ಜಾಲ ಕೈಕೊಟ್ಟರೂ ಮುಂದಿನ ಒಂದು ಬ್ರೇಕ್ ಉಳಿಯಲಿ ಎಂಬುದು ಇದರ ಉದ್ದೇಶ.

ದೀಪಗಳ ಬಣ್ಣ ಮತ್ತು ಮೊದಲ ಪರೀಕ್ಷೆ

ವೃತ್ತದೊಳಗೆ ಉದ್ಗಾರ ಚಿಹ್ನೆ, ಎರಡೂ ಬದಿಗೆ ಕಮಾನು ಇರುವ ಕೆಂಪು ದೀಪ ಮೂಲ ಬ್ರೇಕ್ ವ್ಯವಸ್ಥೆಯದು. ಎಬಿಎಸ್ ಎಂದು ಬರೆದಿರುವ ಹಳದಿ ದೀಪ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯದು. ಕಾರುಗಳ ಬ್ರೇಕ್ ಕುರಿತ ವಿಶ್ವಸಂಸ್ಥೆಯ 13-ಎಚ್ ನಿಯಮವೂ ಇದೇ ಭೇದವನ್ನು ಇಟ್ಟುಕೊಂಡಿದೆ: ನಿಗದಿತ ಮಟ್ಟದಲ್ಲಿ ಕಾರನ್ನು ನಿಲ್ಲಿಸಲಾಗದಂಥ ದೋಷಕ್ಕೆ ಕೆಂಪು, ಉಳಿದ ವಿದ್ಯುತ್ ದೋಷಗಳಿಗೆ ಹಳದಿ.

ಇಗ್ನಿಷನ್ ಹಾಕಿದ ಕೂಡಲೇ ಎರಡೂ ದೀಪಗಳು ಕೆಲವು ಕ್ಷಣ ಬೆಳಗಬೇಕು. ಅದು ದೀಪದ ಸ್ವಂತ ಪರೀಕ್ಷೆ. ಎಂಜಿನ್ ಚಾಲೂ ಆಗಿ ಹ್ಯಾಂಡ್ ಬ್ರೇಕ್ ಇಳಿಸಿದ ಮೇಲೆ ಆರಬೇಕು. ಆರದ ದೀಪದ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ಎಂದೂ ಹತ್ತದ ದೀಪ ಅದಕ್ಕಿಂತ ಕೆಟ್ಟದ್ದು. ಬಳಸಿದ ಕಾರು ಕೊಳ್ಳುವಾಗ ಎಬಿಎಸ್ ದೀಪ ಮೊದಲ ಕ್ಷಣದಲ್ಲೂ ಹತ್ತದಿದ್ದರೆ ದೋಷವನ್ನು ಮುಚ್ಚಲು ಯಾರೋ ದೀಪವನ್ನೇ ಕಿತ್ತಿರುವ ಸಾಧ್ಯತೆಯನ್ನು ಪರಿಗಣಿಸಬೇಕು.

ಹಳದಿ ದೀಪ ಮಾತ್ರ ಉಳಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತಿರುತ್ತದೆ, ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಳ್ಳಬಹುದು. ನಿಧಾನವಾಗಿ ಗ್ಯಾರೇಜಿಗೆ ಓಡಿಸಬಹುದು. ಕೆಂಪು ದೀಪ ಓಡುವಾಗ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್, ಆಯಿಲ್ ಮಟ್ಟ, ಪೆಡಲ್ ಈ ಮೂರನ್ನೂ ನೋಡಬೇಕು. ಕೆಂಪು ಮತ್ತು ಹಳದಿ ಎರಡೂ ಒಟ್ಟಿಗೆ ಹತ್ತಿದರೆ ಹಿಂದಿನ ಚಕ್ರಗಳಿಗೆ ಬ್ರೇಕ್ ಬಲವನ್ನು ಹದವಾಗಿ ಹಂಚುವ ಇಬಿಡಿ ನಿಂತಿರಬಹುದು. ಆಗ ಹಿಂದಿನ ಚಕ್ರ ಮೊದಲು ಕಚ್ಚಿ ಕಾರು ಗಿರಕಿ ಹೊಡೆಯುವ ಅಪಾಯವಿದೆ. ಆ ಸ್ಥಿತಿಯಲ್ಲಿ ಕಾರನ್ನು ಎಳೆದುಕೊಂಡು ಹೋಗುವುದೇ ಸರಿ.

ಕೆಂಪು ದೀಪದ ಕಾರಣಗಳು

ಕೆಂಪು ದೀಪಕ್ಕೆ ಸಾಮಾನ್ಯವಾಗಿ ಎರಡು ಸ್ವಿಚ್‌ಗಳು ಸೇರಿರುತ್ತವೆ: ಒಂದು ಹ್ಯಾಂಡ್ ಬ್ರೇಕಿನ ಬುಡದಲ್ಲಿ, ಇನ್ನೊಂದು ಬ್ರೇಕ್ ಆಯಿಲ್ ಡಬ್ಬಿಯಲ್ಲಿ. ಎರಡರಲ್ಲಿ ಯಾವುದು ಅರ್ಥ್ ಆದರೂ ದೀಪ ಹತ್ತುತ್ತದೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಯದಿರುವುದು, ಅದರ ಸ್ವಿಚ್ಚಿನಲ್ಲಿ ಧೂಳು ಸಿಕ್ಕಿರುವುದು ತೀರ ಸಾಮಾನ್ಯ ಕಾರಣಗಳು. ಹಿಡಿಯನ್ನು ಕೈಯಿಂದ ಇನ್ನಷ್ಟು ಕೆಳಗೆ ಒತ್ತಿದಾಗ ದೀಪ ಆರಿದರೆ ಸ್ವಿಚ್ಚನ್ನೇ ಸರಿಪಡಿಸಬೇಕು.

ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದ್ದರೆ ದೀಪ ಮೊದಲು ಮಿನುಗುತ್ತದೆ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಅಥವಾ ಇಳಿಜಾರಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಫ್ಲೋಟ್ ಕೆಳಗಿಳಿಯುವುದರಿಂದ ಹತ್ತಿ, ನೇರ ರಸ್ತೆಯಲ್ಲಿ ಆರುತ್ತದೆ. ಇದನ್ನು ವೈರಿಂಗ್ ದೋಷವೆಂದು ತಿಳಿದು ವೈರು ಬಿಚ್ಚುವವರಿದ್ದಾರೆ. ಮೊದಲು ಡಬ್ಬಿ ನೋಡಿದರೆ ಆ ಶ್ರಮ ಉಳಿಯುತ್ತದೆ. ಆಯಿಲ್ ತುಂಬಿದ್ದರೂ ದೀಪ ಆರದಿದ್ದರೆ ಡಬ್ಬಿಯ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ನೋಡಬೇಕು. ಆಗ ದೀಪ ಆರಿದರೆ ಫ್ಲೋಟ್ ಮುಳುಗಿದೆ ಅಥವಾ ಸ್ವಿಚ್ ಅಂಟಿಕೊಂಡಿದೆ. ಆರದಿದ್ದರೆ ಹ್ಯಾಂಡ್ ಬ್ರೇಕ್ ಸ್ವಿಚ್ ಅಥವಾ ವೈರನ್ನು ಪರೀಕ್ಷಿಸಬೇಕು.

ಆಯಿಲ್ ಇಳಿದದ್ದು ಎಲ್ಲಿಗೆ ಹೋಯಿತು ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಎರಡೇ ಉತ್ತರಗಳಿವೆ: ಸೋರಿಕೆ, ಇಲ್ಲವೇ ಪ್ಯಾಡ್ ಸವೆತ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಪಿಸ್ಟನ್ನಿನ ವ್ಯಾಸ 51 ಮಿ.ಮೀ. ಎಂದುಕೊಂಡರೆ ಅದರ ಮುಖ ಸುಮಾರು 20 ಚದರ ಸೆಂ.ಮೀ. ಒಳಗಿನ ಹಾಗೂ ಹೊರಗಿನ ಪ್ಯಾಡ್ ತಲಾ 8 ಮಿ.ಮೀ. ಸವೆದರೆ ಪಿಸ್ಟನ್ 16 ಮಿ.ಮೀ. ಮುಂದೆ ಬಂದಿರುತ್ತದೆ, ಒಂದು ಚಕ್ರಕ್ಕೆ ಸುಮಾರು 33 ಮಿ.ಲೀ., ಎರಡಕ್ಕೆ 65 ಮಿ.ಲೀ. ಆಯಿಲ್ ಡಬ್ಬಿಯಿಂದ ಇಳಿದಿರುತ್ತದೆ. ಸಣ್ಣ ಡಬ್ಬಿಯಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗಿನ ಅಂತರವನ್ನು ದಾಟಿಸಲು ಇಷ್ಟು ಸಾಕಾಗಬಹುದು. ಹೀಗಾಗಿ ಸೋರಿಕೆಯಿಲ್ಲದೆ ನಿಧಾನವಾಗಿ ಇಳಿದ ಆಯಿಲ್ ಪ್ಯಾಡ್ ಬದಲಿಸುವ ಸಮಯ ಬಂದಿದೆ ಎಂದು ತಿಳಿಸುತ್ತದೆ. ಪ್ಯಾಡ್ ನೋಡದೆ ಆಯಿಲ್ ಸುರಿದರೆ ಆ ಸೂಚನೆ ಅಳಿಸಿಹೋಗುತ್ತದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಆಯಿಲ್ ಉಕ್ಕಿ ಬಾಡಿಯ ಬಣ್ಣವನ್ನೂ ಕೆಡಿಸುತ್ತದೆ.

ಕೆಲವು ದಿನಗಳಲ್ಲೇ ಇಳಿದರೆ ಅದು ಸೋರಿಕೆ. ಚಕ್ರದ ಒಳಮೈ ಒದ್ದೆ, ಹಿಂದಿನ ಡ್ರಮ್ಮಿನ ಕೆಳಗೆ ಜಿಡ್ಡು, ಪೆಡಲ್ ಒತ್ತಿದಾಗ ಪೈಪುಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೂಡುವ ಕಡೆ ಬಣ್ಣ ಎದ್ದಿರುವುದು, ಪೆಡಲ್ ಬಳಿಯ ಕಾರ್ಪೆಟ್ ಒದ್ದೆಯಾಗಿರುವುದು ಇವನ್ನು ಹುಡುಕಬೇಕು.

ಬ್ರೇಕ್ ಆಯಿಲ್

ಗ್ಯಾರೇಜಿನ ಮಾತಿನಲ್ಲಿ ಆಯಿಲ್ ಎಂದರೂ ಇದು ಖನಿಜ ತೈಲವಲ್ಲ. ಹೆಚ್ಚಿನ ಕಾರುಗಳಲ್ಲಿರುವುದು ಗ್ಲೈಕಾಲ್ ಆಧಾರಿತ ದ್ರವ. ಎಂಜಿನ್ ಆಯಿಲ್ಲಿನ ಕೆಲವು ಹನಿ ಬಿದ್ದರೂ ರಬ್ಬರ್ ಸೀಲುಗಳು ಊದಿ ಇಡೀ ವ್ಯವಸ್ಥೆ ಕೆಡುತ್ತದೆ. ಹೊಸದಾಗಿದ್ದಾಗ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಗ್ಲೈಕಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಸ್ಥಿತಿಯ ಪರೀಕ್ಷೆಯಲ್ಲಿ ಈ ಕನಿಷ್ಠ ಮಿತಿಗಳು 140 ಮತ್ತು 155 ಡಿಗ್ರಿಗೆ ಇಳಿಯುತ್ತವೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಇಳಿಯುವಾಗ ಬ್ರೇಕನ್ನೇ ಒತ್ತಿಹಿಡಿದರೆ ಕ್ಯಾಲಿಪರಿನಲ್ಲಿ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿ ಸುಲಭವಾಗಿ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ, ದೀಪವೂ ಹತ್ತಿರುವುದಿಲ್ಲ. ಈ ದೋಷ ಪರೀಕ್ಷೆಗೆ ಸಿಗುವುದು ದ್ರವದ ವಯಸ್ಸು ಮತ್ತು ತೇವಾಂಶ ನೋಡಿದಾಗ ಮಾತ್ರ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದು ಅನೇಕ ತಯಾರಕರು ಹೇಳುವುದೂ, ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕೆನ್ನುವುದೂ ಇದೇ ಕಾರಣಕ್ಕೆ.

ಎಬಿಎಸ್ ದೀಪ ಮತ್ತು ಚಕ್ರದ ಸೆನ್ಸರ್

ಪ್ರತಿ ಚಕ್ರದೊಂದಿಗೆ ಹಲ್ಲಿನ ಅಥವಾ ಕಾಂತೀಯ ಉಂಗುರವೊಂದು ತಿರುಗುತ್ತದೆ. ಪಕ್ಕದ ಸೆನ್ಸರ್ ಅದರ ಹಲ್ಲುಗಳನ್ನು ಎಣಿಸುತ್ತದೆ. ಟೈರಿನ ಸುತ್ತಳತೆ 1.9 ಮೀಟರ್, ಉಂಗುರದಲ್ಲಿ 44 ಹಲ್ಲು ಎಂದುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 385 ಮಿಡಿತಗಳು ಎಬಿಎಸ್ ಘಟಕಕ್ಕೆ ತಲುಪುತ್ತವೆ. ಒಂದು ಚಕ್ರದ ಎಣಿಕೆ ಉಳಿದವಕ್ಕಿಂತ ಹಠಾತ್ತಾಗಿ ಕುಸಿದರೆ ಆ ಚಕ್ರ ಕಚ್ಚಿಕೊಳ್ಳುತ್ತಿದೆ ಎಂದು ತಿಳಿದು ಅದರ ಬ್ರೇಕ್ ಒತ್ತಡವನ್ನು ಘಟಕ ಇಳಿಸುತ್ತದೆ.

ಮುಂದಿನ ಚಕ್ರದ ಸೆನ್ಸರ್ ವೈರ್ ಸ್ಟೀರಿಂಗ್ ತಿರುಗಿದಾಗೆಲ್ಲ ಬಾಗುತ್ತದೆ, ಚಕ್ರ ಹಳ್ಳಕ್ಕೆ ಬಿದ್ದಾಗೆಲ್ಲ ಎಳೆಯಲ್ಪಡುತ್ತದೆ. ಹೊರಗಿನ ಹೊದಿಕೆ ಸರಿಯಿದ್ದು ಒಳಗಿನ ತಾಮ್ರದ ಎಳೆ ತುಂಡಾಗುವುದು ಸಾಮಾನ್ಯ. ತಿರುವಿನಲ್ಲಿ ಹತ್ತಿ ನೇರ ರಸ್ತೆಯಲ್ಲಿ ಆರುವ ಎಬಿಎಸ್ ದೀಪ ಇಂಥ ವೈರಿನ ಗುರುತು. ಹಳೆಯ ಬಗೆಯ ಸುರುಳಿ ಸೆನ್ಸರನ್ನು ಮಲ್ಟಿಮೀಟರಿನಿಂದ ಅಳೆಯಬಹುದು. ಅದರ ರೋಧ ಅನೇಕ ಕಾರುಗಳಲ್ಲಿ 1,000 ಓಮ್‌ನ ಆಸುಪಾಸಿನಲ್ಲಿರುತ್ತದೆ. ಅಳೆಯುವಾಗ ವೈರನ್ನು ಅಲ್ಲಾಡಿಸಿ ನೋಡಬೇಕು. ಹೊಸ ಬಗೆಯ ಎಲೆಕ್ಟ್ರಾನಿಕ್ ಸೆನ್ಸರನ್ನು ಹೀಗೆ ಅಳೆಯಬಾರದು. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಓಡುತ್ತಿರುವಾಗಲೇ ಹೋಲಿಸಬೇಕು.

ಸ್ಕ್ಯಾನರ್ ಕೊಡುವ ಸಂಕೇತವನ್ನು ಓದುವಲ್ಲಿಯೂ ಎಚ್ಚರ ಬೇಕು. ಸಿ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಷಾಸಿಗೆ ಸೇರಿದವು. ಕೆಲವು ತಯಾರಕರ ಕಾರುಗಳಲ್ಲಿ ಸಿ0035 ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟಿನದು, ಸಿ0040 ಮುಂದಿನ ಬಲದ್ದು. ಎಂಜಿನ್ ಸಂಕೇತಗಳನ್ನಷ್ಟೇ ಓದುವ ಅಗ್ಗದ ಸ್ಕ್ಯಾನರಿಗೆ ಇವು ಕಾಣುವುದೇ ಇಲ್ಲ. ಕಂಡರೂ ಸಂಕೇತ ಹೇಳುವುದು ಸರ್ಕ್ಯೂಟನ್ನು, ಸೆನ್ಸರನ್ನಲ್ಲ. ವೈರ್ ತುಂಡಾದರೂ, ಕನೆಕ್ಟರಿಗೆ ನೀರು ಹೋದರೂ, ಉಂಗುರ ಒಡೆದರೂ, ಸೆನ್ಸರಿನ ಅಡಿಯಲ್ಲಿ ತುಕ್ಕು ಬೆಳೆದು ಅದು ಉಂಗುರದಿಂದ ದೂರ ಸರಿದರೂ ಅದೇ ಸಂಕೇತ ಬರಬಹುದು.

ದೀಪವೇ ಹತ್ತದ ಒಂದು ಎಬಿಎಸ್ ದೋಷವಿದೆ. ಒಣ ರಸ್ತೆಯಲ್ಲಿ ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ, ಗಂಟೆಗೆ 5ರಿಂದ 10 ಕಿ.ಮೀ. ವೇಗದಲ್ಲಿ, ಪೆಡಲ್ ಕಾಲಿನಡಿ ದಡದಡ ಬಡಿಯುತ್ತದೆ. ಉಂಗುರದ ಬಿರುಕು, ಲೋಹದ ಪುಡಿ ಅಥವಾ ಬೇರಿಂಗಿನ ಸಡಿಲಿಕೆಯಿಂದ ಮಿಡಿತಗಳು ಆಗಾಗ ತಪ್ಪುತ್ತವೆ. ಪೂರ್ತಿ ನಿಲ್ಲದೆ ಕುಗ್ಗುವ ಈ ಎಣಿಕೆಯನ್ನು ಘಟಕವು ದೋಷವೆಂದು ಗುರುತಿಸದೆ, ಚಕ್ರ ಕಚ್ಚಿದೆ ಎಂದು ನಂಬಿ ಒತ್ತಡ ಬಿಡುತ್ತದೆ. ಕಾರು ಅಷ್ಟು ದೂರ ಮುಂದೆ ಜಾರುತ್ತದೆ.

ಬೇರಿಂಗ್ ಬದಲಿಸಿದ ಮರುದಿನವೇ ಎಬಿಎಸ್ ದೀಪ ಹತ್ತಿದರೆ ಅನುಮಾನ ಆ ಕೆಲಸದ ಮೇಲೇ ಹೋಗಬೇಕು. ಅನೇಕ ಕಾರುಗಳಲ್ಲಿ ಕಾಂತೀಯ ಉಂಗುರ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೆ ಇರಬೇಕು. ಎರಡೂ ಬದಿ ಕಣ್ಣಿಗೆ ಒಂದೇ ತರಹ ಕಾಣುವುದರಿಂದ ತಿರುಗಿಸಿ ಕೂರಿಸುವುದುಂಟು. ಆಗ ಎಷ್ಟು ಸೆನ್ಸರ್ ಬದಲಿಸಿದರೂ ಪ್ರಯೋಜನವಿಲ್ಲ.

ಬ್ಯಾಟರಿ ಅಥವಾ ಆಲ್ಟರ್ನೇಟರ್ ಸೋತು ವೋಲ್ಟೇಜ್ ಇಳಿದಾಗಲೂ ಎಬಿಎಸ್ ದೀಪ ಇತರ ದೀಪಗಳೊಂದಿಗೆ ಹತ್ತುತ್ತದೆ. ಒಟ್ಟಿಗೆ ಹಲವು ದೀಪಗಳು ಬೆಳಗಿದರೆ ಮೊದಲು ಅಳೆಯಬೇಕಾದ್ದು ವೋಲ್ಟೇಜ್.

ಪೆಡಲ್ಲಿನ ಸ್ಥಿತಿ

ಒತ್ತಿದಾಗ ಮೆತ್ತಗೆ ಸ್ಪಂಜಿನಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಂತೆ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳ ಸೀಲ್ ಸೋತಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ನೋಡಬೇಕು: ಎಂಜಿನ್ ನಿಲ್ಲಿಸಿ ಪೆಡಲ್ಲನ್ನು ನಾಲ್ಕೈದು ಸಲ ತುಳಿದು, ತುಳಿದೇ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಅದು ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಅದರ ವಾಲ್ವ್ ಅಥವಾ ಬೂಸ್ಟರ್ ಕೆಟ್ಟಿದೆ.

ಮೊದಲ ಸಲ ತುಳಿದಾಗ ಆಳಕ್ಕೆ ಹೋಗಿ ಎರಡನೆಯ ಸಲಕ್ಕೆ ಸರಿಯಾಗುವ ಪೆಡಲ್ ಗಾಳಿಯ ದೋಷದಂತೆಯೇ ಕಾಣುತ್ತದೆ. ಆದರೆ ಉಬ್ಬುತಗ್ಗಿನ ರಸ್ತೆ ಅಥವಾ ವೇಗದ ತಿರುವಿನ ನಂತರವೇ ಹೀಗಾದರೆ ಚಕ್ರದ ಬೇರಿಂಗನ್ನು ಪರೀಕ್ಷಿಸಬೇಕು. ಸಡಿಲ ಬೇರಿಂಗಿನಲ್ಲಿ ಓಲಾಡುವ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ದೂಡಿರುತ್ತದೆ. ಮೊದಲ ತುಳಿತ ಅವನ್ನು ಮರಳಿ ತರುವುದಕ್ಕೇ ಖರ್ಚಾಗುತ್ತದೆ. ಇಂಥ ಕಾರಿಗೆ ಎಷ್ಟು ಸಲ ಏರ್ ತೆಗೆದರೂ ದೂರು ಮುಗಿಯದು.

ಎಳೆತ, ಬಿಗಿತ ಮತ್ತು ಬಿಸಿ

ಕಾರು ಒಂದು ಬದಿಗೆ ಎಳೆಯುವುದು ಯಾವಾಗ ಎಂಬುದರ ಮೇಲೆ ನಿರ್ಣಯ ನಿಂತಿದೆ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಎಡ ಬ್ರೇಕ್ ಚೆನ್ನಾಗಿಯೇ ಕೆಲಸ ಮಾಡುತ್ತಿರಬಹುದು. ಬಲ ಬದಿಯ ಕ್ಯಾಲಿಪರ್ ದುರ್ಬಲವಾಗಿದೆಯೇ ಎಂದು ನೋಡಬೇಕು. ಬ್ರೇಕ್ ಒತ್ತದೆಯೂ ಎಡಕ್ಕೆ ಎಳೆದು, ಎಡ ಚಕ್ರ ಬಿಸಿಯಾಗಿ ವಾಸನೆ ಬರುತ್ತಿದ್ದರೆ ಎಡ ಬ್ರೇಕೇ ಹಿಡಿದುಕೊಂಡಿದೆ. ಬಿಸಿ ಇಲ್ಲದೆ ಸದಾ ಎಳೆಯುತ್ತಿದ್ದರೆ ಟೈರಿನ ಗಾಳಿ, ಟೈರಿನ ಒಳರಚನೆ, ಅಲೈನ್‌ಮೆಂಟ್ ಈ ಕ್ರಮದಲ್ಲಿ ನೋಡಬೇಕು. ತಿರುಗುವ ದಿಕ್ಕು ನಿಗದಿಯಾಗಿರದ ಟೈರಾದರೆ ಮುಂದಿನ ಎರಡನ್ನು ಅದಲುಬದಲು ಮಾಡಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು.

ಬ್ರೇಕ್ ಹಿಡಿದುಕೊಳ್ಳುವುದಕ್ಕೆ ಮೂರು ಮುಖ್ಯ ಕಾರಣಗಳಿವೆ: ತುಕ್ಕು ಹಿಡಿದ ಪಿಸ್ಟನ್, ಗ್ರೀಸ್ ಒಣಗಿ ಸರಿಯದ ಸ್ಲೈಡ್ ಪಿನ್‌ಗಳು, ಒಳಗೆ ಊದಿಕೊಂಡ ರಬ್ಬರ್ ಹೋಸ್. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ಸೀಲ್ ಬ್ರೇಕ್ ಒತ್ತಿದಾಗ ತುಸು ತಿರುಚಿಕೊಂಡು, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಬಿಡಿಸುವ ಬಲ ಅಷ್ಟೇ. ತುಕ್ಕಿನ ಮುಂದೆ ಅದು ಸಾಲದು. ಹೋಸ್ ಒಳಗೆ ಕಟ್ಟಿಕೊಂಡರೆ ಕಾಲಿನ ಬಲಕ್ಕೆ ದ್ರವ ಒಳಗೆ ಹೋಗುತ್ತದೆ, ಆದರೆ ಹಿಂದಕ್ಕೆ ಬರುವುದಿಲ್ಲ.

ಇವನ್ನು ಬೇರ್ಪಡಿಸುವ ಪರೀಕ್ಷೆ ಸರಳ. ಚಕ್ರ ಎತ್ತಿ, ಬ್ರೇಕ್ ಒಮ್ಮೆ ಒತ್ತಿ ಬಿಟ್ಟು, ಚಕ್ರ ತಿರುಗದಿದ್ದಾಗ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ ಸಡಿಲಿಸಬೇಕು. ದ್ರವ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು; ದೋಷ ಹೋಸಿನಲ್ಲೋ ಮಾಸ್ಟರ್ ಸಿಲಿಂಡರಿನಲ್ಲೋ ಇದೆ. ಆಗಲೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್ ಕಚ್ಚಿದೆ. ಒಳ ಮತ್ತು ಹೊರ ಪ್ಯಾಡ್‌ಗಳ ದಪ್ಪ ಬಹಳ ವ್ಯತ್ಯಾಸವಾಗಿದ್ದರೆ ಪಿನ್‌ಗಳನ್ನು ಮೊದಲು ನೋಡಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಿಗೆ ಈ ತೊಂದರೆ ಬೇಗ ಬರುತ್ತದೆ.

ನಡುಕ

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಬಾಗಿದೆ ಎನ್ನುವುದು ವಾಡಿಕೆ. ನಿಜವಾಗಿ ಹೆಚ್ಚಿನ ಸಲ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿ ಉಳಿದಿರುವುದಿಲ್ಲ, ಅಥವಾ ಪ್ಯಾಡಿನ ಪದಾರ್ಥ ಅಲ್ಲಲ್ಲಿ ಅಂಟಿರುತ್ತದೆ. ಇದರ ಹಿಂದಿರುವ ಕಾರಣ ಹಬ್ಬಿನ ಮುಖದ ತುಕ್ಕು ಅಥವಾ ಸಮನಾಗಿ ಬಿಗಿಯದ ನಟ್ಟುಗಳಾಗಿರಬಹುದು. ತುಕ್ಕಿನ ಮೇಲೆ ಕೂರಿಸಿದ ಹೊಸ ಡಿಸ್ಕ್ ಓಲಾಡುತ್ತಾ ತಿರುಗಿ, ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಪ್ಯಾಡಿಗೆ ತಾಗಿ ಸವೆಯುತ್ತದೆ. ಕೆಲವು ಸಾವಿರ ಕಿ.ಮೀ. ನಂತರ ನಡುಕ ಮರಳುತ್ತದೆ. ಡಯಲ್ ಗೇಜಿನಲ್ಲಿ ಈ ಓಲಾಟ ಸಾಮಾನ್ಯವಾಗಿ 0.1 ಮಿ.ಮೀ. ದಾಟಬಾರದು, ಅನೇಕ ತಯಾರಕರ ಮಿತಿ ಇನ್ನೂ ಕಡಿಮೆ.

ಬ್ರೇಕ್ ಒತ್ತದೆಯೇ ಗಂಟೆಗೆ 80ರಿಂದ 100 ಕಿ.ಮೀ. ಆಸುಪಾಸಿನಲ್ಲಿ ಬರುವ ನಡುಕ ವೀಲ್ ಬ್ಯಾಲೆನ್ಸಿಂಗ್ ಅಥವಾ ಹಳ್ಳಕ್ಕೆ ಬಿದ್ದು ಬಾಗಿದ ರಿಮ್ಮಿನದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಬಿಟ್ಟಾಗ ಹೋಗುವ ನಡುಕ ಡ್ರೈವ್ ಶಾಫ್ಟಿನ ಒಳ ಜಾಯಿಂಟಿನ ಕಡೆ ಬೆರಳು ತೋರುತ್ತದೆ.

ಸದ್ದುಗಳು

ವೇಗದೊಂದಿಗೆ ಏರುವ ಗುಂಯ್ ಎನ್ನುವ ಸದ್ದು ಬೇರಿಂಗಿನದೂ ಆಗಿರಬಹುದು, ಟೈರಿನದೂ ಆಗಿರಬಹುದು. ಕಾರು ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ; ಆಗ ಸದ್ದು ಹೆಚ್ಚಾದರೆ ಎಡ ಬೇರಿಂಗಿನ ಮೇಲೆ ಅನುಮಾನ. ತಿರುವಿಗೆ ಬದಲಾಗದೆ ರಸ್ತೆಯ ಮೇಲ್ಮೈಗೆ ತಕ್ಕಂತೆ ಬದಲಾದರೆ ಅದು ಟೈರಿನ ಸದ್ದು. ಚಕ್ರ ಎತ್ತಿ ಕೈಯಿಂದ ತಿರುಗಿಸುತ್ತಾ ಸ್ಪ್ರಿಂಗಿನ ಮೇಲೆ ಬೆರಳಿಟ್ಟರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೆ ತಿಳಿಯುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋಗುವಾಗ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ರಿಮ್ಮಿನ ಒಳಗೆ ಚೆಲ್ಲಿರುವುದು ಕಾಣುತ್ತದೆ. ಹಂಪ್ ದಾಟುವಾಗಿನ ಕಟಕ್ ಸದ್ದಿಗೆ ಸ್ಟೆಬಿಲೈಸರ್ ಲಿಂಕ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್, ಸ್ಟ್ರಟ್ ಮೌಂಟ್ ಇವುಗಳಲ್ಲಿ ಒಂದು ಕಾರಣ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದು ಜಿಗಿದರೆ ಸ್ಟ್ರಟ್ ಮೇಲಿನ ಬೇರಿಂಗ್ ಬಿಗಿದಿದೆ.

ಬ್ರೇಕ್ ಒತ್ತಿದಾಗಿನ ಕೀರಲು ಸದ್ದು ಕೆಲವು ಪ್ಯಾಡ್‌ಗಳಲ್ಲಿ ಬೇಕೆಂದೇ ಇಟ್ಟ ಲೋಹದ ನಾಲಿಗೆಯದು. ಪ್ಯಾಡ್ ಮುಗಿಯುತ್ತಾ ಬಂದಾಗ ಅದು ಡಿಸ್ಕಿಗೆ ತಾಗುತ್ತದೆ. ಕರಕರ ಎಂದು ಲೋಹ ಲೋಹಕ್ಕೆ ಉಜ್ಜುವ ಸದ್ದು ಬಂದರೆ ಪ್ಯಾಡ್ ಮುಗಿದೇ ಹೋಗಿದೆ. ಮಳೆಗಾಲದಲ್ಲಿ ರಾತ್ರಿಯೆಲ್ಲ ನಿಂತ ಕಾರಿನ ಡಿಸ್ಕಿಗೆ ತೆಳು ತುಕ್ಕು ಬಂದು, ಬೆಳಿಗ್ಗೆ ಮೊದಲ ಕೆಲವು ಬ್ರೇಕಿಗೆ ಸದ್ದು ಬರುವುದು ಸಹಜ.

ಟೈರ್ ಸವೆತ

ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ನುಣುಪಾಗಿ ಸವೆದಿದ್ದರೆ ಚಕ್ರ ಲಂಬದಿಂದ ವಾಲಿದೆ ಅಥವಾ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಅಂಗೈಯಿಂದ ಟೈರನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಚೂಪು ಎನಿಸಿದರೆ ಟೋ ತಪ್ಪಿರುವುದು ಬಹುತೇಕ ಖಚಿತ. ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತು ಚಕ್ರ ರಸ್ತೆಯ ಮೇಲೆ ಕುಣಿಯುತ್ತಿದೆ. ಸಡಿಲ ಜಾಯಿಂಟ್ ಬದಲಿಸದೆ ಮಾಡಿಸಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಪರೀಕ್ಷೆಯ ಕ್ರಮ

ದೋಷ ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ, ಬಿಸಿಯಾದ ಮೇಲೋ ಮೊದಲೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಎಂದು ಚಾಲಕನಿಂದ ತಿಳಿದುಕೊಳ್ಳುವುದು ಮೊದಲ ಹೆಜ್ಜೆ. ನಂತರ ಸಂಕೇತ ಓದುವುದು, ಡಬ್ಬಿ ಮತ್ತು ಪೆಡಲ್ ನೋಡುವುದು, ಪೆಡಲ್ ನಂಬುವಂತಿದ್ದರೆ ಮಾತ್ರ ಓಡಿಸಿ ನೋಡುವುದು. ಚಕ್ರ ಎತ್ತುವುದು ಆಮೇಲೆ. ಸಮತಟ್ಟಾದ ಗಟ್ಟಿ ನೆಲದಲ್ಲಿ, ಹಿಂದಿನ ಚಕ್ರಗಳಿಗೆ ಅಡೆ ಇಟ್ಟು, ಜ್ಯಾಕಿನ ಜೊತೆಗೆ ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಬೇಕು.

ಎತ್ತಿದ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಕಾರಣ. ಅವೆರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಡಿಸ್ಕ್ ನಕಲ್ಲಿಗೆ ಬಿಗಿಯುವುದರಿಂದ ಬೇರಿಂಗಿನ ಸಡಿಲಿಕೆ ಮರೆಯಾಗುತ್ತದೆ; ಆದರೂ ಅಲ್ಲಾಡಿದರೆ ಬಾಲ್ ಜಾಯಿಂಟ್ ನೋಡಬೇಕು. 3 ಮತ್ತು 9ರ ಜಾಗದಲ್ಲಿ ಮಾತ್ರ ಸಡಿಲವಿದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ್‍ಯಾಕ್.

ಪ್ಯಾಡ್ ಪದಾರ್ಥ 2ರಿಂದ 3 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಮೈಕ್ರೋಮೀಟರಿನಿಂದ ಹಲವು ಜಾಗಗಳಲ್ಲಿ ಅಳೆಯಬೇಕು. ಎಲ್ಲ ಅಳತೆಗಳನ್ನೂ ಇನ್ನೊಂದು ಬದಿಯ ಚಕ್ರದೊಂದಿಗೆ ಹೋಲಿಸುವುದು ಒಳ್ಳೆಯದು. ಒಂದೇ ವಯಸ್ಸಿನ, ಒಂದೇ ರಸ್ತೆ ಕಂಡ ಜೋಡಿ ಭಾಗ ಪಕ್ಕದಲ್ಲೇ ಇರುವಾಗ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಹೊಸ ವ್ಯವಸ್ಥೆಗಳು

ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕಾರುಗಳಲ್ಲಿ ಹಿಂದಿನ ಕ್ಯಾಲಿಪರನ್ನು ಮೋಟಾರ್ ಬಿಗಿಯುತ್ತದೆ. ಪ್ಯಾಡ್ ಬದಲಿಸುವ ಮುನ್ನ ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಜಾರಿಕೆ ತಡೆಯುವ ಇಎಸ್‌ಸಿ ವ್ಯವಸ್ಥೆಯೂ ಚಕ್ರದ ಅದೇ ಸೆನ್ಸರುಗಳನ್ನು ನಂಬಿರುವುದರಿಂದ ಒಂದು ವೈರ್ ತುಂಡಾದರೆ ಎರಡು ಮೂರು ದೀಪಗಳು ಬೆಳಗುತ್ತವೆ. ಎಲೆಕ್ಟ್ರಿಕ್ ಕಾರುಗಳಲ್ಲಿ ವೇಗ ಇಳಿಸುವ ಬಹುಪಾಲು ಕೆಲಸವನ್ನು ಮೋಟಾರೇ ಮಾಡುವುದರಿಂದ ಪ್ಯಾಡ್ ನಿಧಾನ ಸವೆಯುತ್ತದೆ, ಆದರೆ ಬಳಕೆಯಿಲ್ಲದ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಸ್ಲೈಡ್ ಪಿನ್‌ಗಳು ಒಣಗುತ್ತವೆ. ಅಲ್ಲಿ ಸವೆತಕ್ಕಿಂತ ಬಿಗಿತವನ್ನೇ ಹೆಚ್ಚು ಹುಡುಕಬೇಕು.

ದುರಸ್ತಿಯ ನಂತರ

ಪ್ಯಾಡ್ ಅಥವಾ ಕ್ಯಾಲಿಪರ್ ಕೆಲಸವಾದ ಮೇಲೆ ಕಾರು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಇಲ್ಲದಿದ್ದರೆ ಮೊದಲ ಬ್ರೇಕಿಗೆ ಕಾರು ನಿಲ್ಲುವುದಿಲ್ಲ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಸೆನ್ಸರ್ ಬದಲಿಸಿದ ಅನೇಕ ಕಾರುಗಳಲ್ಲಿ ಎಬಿಎಸ್ ದೀಪ ನಿಂತಲ್ಲೇ ಆರುವುದಿಲ್ಲ. ಸ್ವಲ್ಪ ದೂರ ಓಡಿ, ನಾಲ್ಕೂ ಚಕ್ರಗಳ ವೇಗ ಹೊಂದುವುದನ್ನು ಘಟಕ ಕಂಡ ಮೇಲೆ ಆರುತ್ತದೆ.

ದೀಪ ಆರಿದ ಮಾತ್ರಕ್ಕೆ ದೋಷ ಹೋಯಿತೆಂದು ಹೇಳಲಾಗದು. ಆಯಿಲ್ ಸುರಿದರೆ ಸವೆದ ಪ್ಯಾಡ್ ಇದ್ದಂತೆಯೇ ಕೆಂಪು ದೀಪ ಆರುತ್ತದೆ; ಸಂಕೇತ ಅಳಿಸಿದರೆ ವೈರ್ ತುಂಡಾಗಿದ್ದರೂ ಹಳದಿ ದೀಪ ಸ್ವಲ್ಪ ಹೊತ್ತು ಆರಿರುತ್ತದೆ. ಮೊದಲು ಯಾವ ವೇಗ, ಯಾವ ತಿರುವು, ಯಾವ ಇಳಿಜಾರಿನಲ್ಲಿ ದೋಷ ತೋರಿತ್ತೋ ಅದೇ ಸ್ಥಿತಿಯಲ್ಲಿ ಕಾರನ್ನು ಮತ್ತೆ ಓಡಿಸಿ, ದೀಪವೂ ಚಕ್ರವೂ ಎರಡೂ ಸುಮ್ಮನಿದ್ದರೆ ಆಗ ದುರಸ್ತಿ ಮುಗಿದಂತೆ.